ಆಸ್ತಿ ಇರುವ ಊರಿನ ವಕೀಲರನ್ನೇ ಹಿಡಿಯಿರಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಒಳಪುಟಗಳಲ್ಲಿ ‘ಸಾರ್ವಜನಿಕ ಪ್ರಕಟಣೆ’ ಎಂಬ ತಲೆಬರಹದ ಚಿಕ್ಕ ಚಿಕ್ಕ ಜಾಹೀರಾತುಗಳು ಬರುತ್ತಿರುತ್ತವೆ. ಇಂಥ ಸ್ವತ್ತನ್ನು ನಮ್ಮ ಕಕ್ಷಿದಾರರು ಕೊಳ್ಳಲಿದ್ದಾರೆ, ತಕರಾರಿದ್ದವರು ಏಳು ದಿನದೊಳಗೆ ತಿಳಿಸಿ ಎಂದು ವಕೀಲರೊಬ್ಬರು ಕೊಟ್ಟಿರುವುದು. ಮನೆ ಕೊಳ್ಳುವ ಯೋಚನೆ ಇದ್ದವರು ಒಂದು ವಾರ ಅವನ್ನು ಕೂತು ಓದಿದರೆ ಒಳ್ಳೆಯದು. ಕೆಲವು ಪ್ರಕಟಣೆಗಳಲ್ಲಿ ಸರ್ವೆ ನಂಬರು, ಹಳೆಯ ಮತ್ತು ಹೊಸ ಖಾತೆ ನಂಬರು, ಎರಡೂ ದಿಕ್ಕಿನ ಅಳತೆ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ), ಆ ಸ್ವತ್ತು ಮಾರುವವರಿಗೆ ಯಾವ ವರ್ಷದ ಯಾವ ಪತ್ರದಿಂದ ಬಂತು ಎಂಬ ವಿವರ ಎಲ್ಲ ಇರುತ್ತದೆ. ಇನ್ನು ಕೆಲವಲ್ಲಿ ಖಾತೆ ನಂಬರೊಂದು, ಬಡಾವಣೆಯ ಹೆಸರೊಂದು, ಅಷ್ಟೇ. ತಕರಾರು ತೆಗೆಯಬೇಕಾದ ಅಣ್ಣತಮ್ಮಂದಿರು ಅದನ್ನು ಓದಿದರೂ ತಮ್ಮ ಜಾಗದ ಮಾತೆಂದು ಅವರಿಗೆ ಹೊಳೆಯುವುದಿಲ್ಲ. ವಕೀಲರು ಕೆಲಸ ಮಾಡಿದ್ದಾರೋ ಶಾಸ್ತ್ರ ಮುಗಿಸಿದ್ದಾರೋ ಎಂಬುದು ಆ ನಾಲ್ಕು ಸಾಲಿನಲ್ಲೇ ಕಾಣುತ್ತದೆ.

ರಿಜಿಸ್ಟ್ರಿ ಆಯಿತೆಂದರೆ ಹಕ್ಕಿಗೆ ಸರ್ಕಾರವೇ ಮೊಹರು ಒತ್ತಿತು ಎಂದು ಬಹಳ ಜನ ನಂಬಿದ್ದಾರೆ. ಉಪನೋಂದಣಾಧಿಕಾರಿ ನೋಡುವುದು ಪತ್ರ ಬರೆದುಕೊಟ್ಟವರು ಇವರೇ ಹೌದೇ, ಮುದ್ರಾಂಕ ಶುಲ್ಕ ಸರಿ ಬಂದಿದೆಯೇ, ಇ-ಖಾತೆಯಂಥ ಕಡ್ಡಾಯ ದಾಖಲೆ ಇದೆಯೇ ಎಂಬುದನ್ನು. ಮಾರುವವರಿಗೆ ಮಾರುವ ಹಕ್ಕಿತ್ತೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಹಕ್ಕಿನ ಪರಿಶೀಲನೆ ಪೂರ್ತಿಯಾಗಿ ಕೊಳ್ಳುವವರ ತಲೆಯ ಮೇಲೆ. ಆ ಹೊರೆ ಹೊರಲು ಯಾವ ವಕೀಲರು ಎಂಬ ಪ್ರಶ್ನೆಗೆ ನಮ್ಮ ಜನ ಕೊಡುವ ಗಮನ ಟೈಲ್ಸ್ ಆರಿಸುವಾಗ ಕೊಡುವಷ್ಟೂ ಇಲ್ಲ.

ಸ್ಥಳೀಯ ವಕೀಲರು ಎಂದರೆ ನಿಮ್ಮ ಮನೆಯ ಹತ್ತಿರದವರಲ್ಲ, ಆಸ್ತಿ ಇರುವ ತಾಲ್ಲೂಕಿನವರು. 2024ರಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಪತ್ರ ನೋಂದಾಯಿಸಬಹುದು. ಅನುಕೂಲವೇನೋ ನಿಜ. ಆದರೆ ಮೂಲ ಮಂಜೂರಾತಿಯ ಕಡತ ಆಯಾ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲೇ ಇದೆ. ಜಮೀನಿನ ಅಳತೆಯ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯ ತೋರಿಸುವ ಆಕಾರಬಂದ್ ಭೂಮಾಪನ ಕಚೇರಿಯಲ್ಲಿ. ಅಲ್ಲಿಗೆ ಹೋಗಿ, ಕೇಳಿ, ಕಾದು ನಕಲು ತೆಗೆಸುವ ವಕೀಲರು ಬೇಕು. ಕಳಿಸಿದ ಪಿಡಿಎಫ್ ನೋಡಿ ಅಭಿಪ್ರಾಯ ಬರೆಯುವವರು ಸಾಲದು.

ನಮ್ಮ ರಾಜ್ಯ ಒಂದಾಗಿದ್ದು 1956ರಲ್ಲಿ. ಜಮೀನಿನ ಕಾಗದಗಳು ಇನ್ನೂ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಬಗೆಯ ಮಾತಾಡುತ್ತವೆ. ಮಂಗಳೂರು, ಉಡುಪಿ ಕಡೆ ವರ್ಗ (ಪಟ್ಟಾ) ಜಮೀನಿನ ಪಕ್ಕದ ಸರ್ಕಾರಿ ಜಾಗವಾದ ಕುಮ್ಕಿಯನ್ನೂ ತೋಟದ ಜೊತೆ ಸೇರಿಸಿ ತೋರಿಸುತ್ತಾರೆ. ಕುಮ್ಕಿ ಅನುಭೋಗದ ಸವಲತ್ತೇ ಹೊರತು ಒಡೆತನವಲ್ಲ. ಅದೇ ಕರಾವಳಿಯಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಹಕ್ಕಿನ ಮನೆಗಳಿವೆ, ತಾಯಿಯ ಕಡೆಯಿಂದ ಹಕ್ಕು ಬರುವ ಅಳಿಯಕಟ್ಟಿನ ಕುಟುಂಬದ ಆಸ್ತಿಗಳಿವೆ. ಅಳಿಯಕಟ್ಟಿನಲ್ಲಿ ಯಾರ್‍ಯಾರ ಸಹಿ ಬೇಕು ಎಂದು ತಂದೆಯ ಕಡೆಯ ವಂಶವೃಕ್ಷ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಹಳೆಯ ಭಾಗದಲ್ಲಿ ಸಿ.ಟಿ.ಎಸ್. (ನಗರ ಮಾಪನ) ನಂಬರು, ನಗರ ಮಾಪನ ಕಚೇರಿಯ ಪ್ರಾಪರ್ಟಿ ಕಾರ್ಡ್ ನೋಡಬೇಕು. ಅಲ್ಲಿ ಪಹಣಿಗೆ ಉತಾರ ಅನ್ನುತ್ತಾರೆ, ಮುಂಗಡದ ಪತ್ರಕ್ಕೆ ಸಂಚಕಾರ ಪತ್ರ ಅನ್ನುತ್ತಾರೆ. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡು ಬಂದ ಬಾಣೆ ಜಮೀನಿನಲ್ಲಿ ಪೂರ್ಣ ಹಕ್ಕು ಎಲ್ಲಿದೆ, ಬರೀ ಅನುಭವ ಎಲ್ಲಿದೆ ಎಂಬುದು ಹಳೆಯ ಕಂದಾಯ ದಾಖಲೆಯಾದ ಜಮಾಬಂದಿ ಓದಿ ಪಳಗಿದವರಿಗೇ ಗೊತ್ತು. ಬೆಂಗಳೂರಿನ ಸುತ್ತ ಗ್ರಾಮಠಾಣಾದ (ಊರೊಳಗಿನ ವಸತಿ ಜಾಗದ) ಹಳೆ ಮನೆಗೆ ಸರ್ವೆ ನಂಬರಿನ ಬದಲು ಖಾನೇಶುಮಾರಿ (ಮನೆ) ನಂಬರಿರುತ್ತದೆ. ಪಕ್ಕದ ಬಡಾವಣೆಯ ಜಮೀನು ಒಂದು ಕಾಲಕ್ಕೆ ಊರಿನ ಸೇವೆಗೆಂದು ಕೊಟ್ಟ ತೋಟಿ ಇನಾಮೋ ತಳವಾರಿಕೆ ಇನಾಮೋ ಆಗಿದ್ದಿರಬಹುದು.

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ (ಪರಭಾರೆ ನಿಷೇಧ) ಕಾಯ್ದೆಯಂತೆ ಆ ಕ್ರಯವೇ ಶೂನ್ಯ. ಮರಳಿ ಕೊಡಿಸಿ ಎಂದು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಿಗೆ 15 ವರ್ಷ ಪರಭಾರೆ ನಿಷೇಧವಿತ್ತು. ಈ ಯಾವುದೂ ಇಂದಿನ ಇ-ಖಾತೆಯಲ್ಲಿ ಕಾಣದು. ಜಮೀನು ಕೊಟ್ಟಾಗಿನ ಸಾಗುವಳಿ ಚೀಟಿಯ ಷರತ್ತಿನಲ್ಲಿ, ಮಂಜೂರಾತಿ ಕಡತದಲ್ಲಿ ಕಾಣುತ್ತದೆ. ಆ ಊರಿನಲ್ಲಿ ಇಪ್ಪತ್ತು ವರ್ಷ ಕಾಗದ ನೋಡಿದ ವಕೀಲರು ಸರ್ವೆ ನಂಬರು ಕೇಳಿದ ಕೂಡಲೇ ‘ಅದು ಗ್ರಾಂಟ್ ಜಮೀನಲ್ಲವೇ’ ಅನ್ನುತ್ತಾರೆ. ನೀವು ಶುಲ್ಕ ಕೊಡುವುದು ಆ ಮಾತಿಗೆ.

ಇನ್ನು ವಕೀಲರು ಯಾರ ಕಡೆಯವರು ಎಂಬುದು. ಬ್ರೋಕರ್ ಕರೆತಂದವರಿಗೆ ವ್ಯವಹಾರ ಮುರಿದರೆ ಮುಂದಿನ ಕೇಸು ಬರುವುದಿಲ್ಲ. ಬಿಲ್ಡರ್ ಕಚೇರಿಯಲ್ಲಿ ಕೂರುವವರು ಬಿಲ್ಡರ್ ಕಡೆಯವರು. ‘ಬ್ಯಾಂಕೇ ಸಾಲ ಕೊಟ್ಟಿದೆ, ಇನ್ನೇನು’ ಎನ್ನುವುದೂ ಪೂರ್ತಿ ಸರಿಯಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂದು. ಆಸ್ತಿ ಕೈತಪ್ಪಿದರೂ ಕಂತು ಕಟ್ಟುವವರು ನೀವೇ. ಪತ್ರ ಬರಹಗಾರರು ಪತ್ರವನ್ನು ಚೆನ್ನಾಗಿ ಬರೆಯಬಲ್ಲರು, ಆದರೆ ಹಕ್ಕಿನ ಬಗ್ಗೆ ಅಭಿಪ್ರಾಯ ಕೊಡುವುದು ಅವರ ಕೆಲಸವಲ್ಲ. ವಕೀಲರು ಜಾಹೀರಾತು ಮಾಡುವಂತಿಲ್ಲವಾದ್ದರಿಂದ ಅಂತರ್ಜಾಲದ ನಕ್ಷತ್ರಗಳನ್ನು ಎಣಿಸಿ ಆರಿಸುವುದೂ ವ್ಯರ್ಥ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಅದೇ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ವಿಭಾಗದ (ಪಾಲು ಕೇಳುವ) ದಾವೆ ನಡೆಸುವವರೇ ಎಂದು ವಿಚಾರಿಸಿ. ವಿಭಾಗದ ದಾವೆ ನಡೆಸಿದವರಿಗೆ ಕ್ರಯಪತ್ರ ಎಲ್ಲಿ ಒಡೆಯುತ್ತದೆ ಎಂಬುದು ಗೊತ್ತಿರುತ್ತದೆ. ಶುಲ್ಕ ನಿಗದಿತ ಮೊತ್ತವಾಗಿರಲಿ, ಕ್ರಯದ ಶೇಕಡಾವಾರು ಬೇಡ. ‘ಕೊಳ್ಳಬೇಡಿ’ ಎಂದರೂ ಅವರಿಗೆ ಅಷ್ಟೇ ಹಣ ಸಿಗುವಂತಿರಬೇಕು.

ಕೈಗೆ ಬಂದ ಕಾನೂನು ಅಭಿಪ್ರಾಯವನ್ನು ಕೊನೆಯ ಸಾಲಿನಿಂದ ಓದಬೇಡಿ. ಮೊದಲ ಪುಟದ ದಾಖಲೆಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ‘ಮೂಲ’, ‘ದೃಢೀಕೃತ ನಕಲು’, ‘ಜೆರಾಕ್ಸ್’ ಎಂದು ಇರಬೇಕು. ಹನ್ನೆರಡು ದಾಖಲೆಯಲ್ಲಿ ಒಂಬತ್ತು ಜೆರಾಕ್ಸ್ ಆಗಿದ್ದರೆ, ‘ಮೂಲ ದಾಖಲೆಗಳ ಪರಿಶೀಲನೆಗೆ ಒಳಪಟ್ಟು’ ಎಂಬ ಒಂದು ಸಾಲಿನಲ್ಲಿ ಇಡೀ ಜವಾಬ್ದಾರಿ ನಿಮ್ಮ ಕಡೆಗೆ ಜಾರಿದೆ ಎಂದರ್ಥ. ಮಾರುವವರ ಮೂಲಪತ್ರ ಕಾಣೆಯಾಗಿದ್ದರೆ ಅದು ಎಲ್ಲೋ ಸಾಲಕ್ಕೆ ಅಡವಿದ್ದಿರಲೂಬಹುದು. ಕನಿಷ್ಠ 30 ವರ್ಷದ ಹಕ್ಕಿನ ಸರಪಳಿ ಬೇಕು. 13 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ಸಾಕು ಎನ್ನುವವರನ್ನು ಬಿಟ್ಟುಬಿಡಿ.

ಇ.ಸಿ. ಬಗ್ಗೆಯೂ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದೀಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕದಿಂದ ತೆಗೆಸಬೇಕು. ನಮೂನೆ 16 ಬಂದರೆ ಜನ ಖುಷಿಪಡುತ್ತಾರೆ. ಅದರ ಅರ್ಥ, ನೀವು ಕೊಟ್ಟ ನಂಬರಿನ ಮೇಲೆ ಏನೂ ಸಿಗಲಿಲ್ಲ ಎಂದಷ್ಟೇ. 1990ರ ಅಡಮಾನ ಹಳೆಯ ಖಾನೇಶುಮಾರಿ ನಂಬರಿನಲ್ಲಿ ಇದ್ದು, ನೀವು ಹೊಸ ಖಾತೆ ನಂಬರಿನಲ್ಲಿ ಹುಡುಕಿದರೆ ಅದು ಬರುವುದಿಲ್ಲ. ಹಳೆ ನಂಬರು, ಹೊಸ ನಂಬರು, ಮಾಲೀಕರ ಹೆಸರು ಮೂರರಿಂದಲೂ ಹುಡುಕಿಸಬೇಕು. ನೋಂದಣಿಯಾಗದ ಉಯಿಲು, ಬಾಯಿಮಾತಿನ ವಿಭಾಗ, ನಡೆಯುತ್ತಿರುವ ದಾವೆ ಇವು ಇ.ಸಿ.ಯಲ್ಲಿ ಕಾಣುತ್ತವೆಂದು ನೆಚ್ಚುವಂತಿಲ್ಲ. ದಾವೆಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದಿನ ಪ್ರಕರಣಗಳನ್ನು ಮಾತ್ರ ಬೇರೆಯಾಗಿಯೇ ವಿಚಾರಿಸಬೇಕು.

ವಂಶವೃಕ್ಷವನ್ನು ಬೆರಳಿಟ್ಟು ನೋಡಿ. ಕುಟುಂಬದವರು ಕೊಟ್ಟ ಪ್ರಮಾಣಪತ್ರದ ಆಧಾರದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಕೊಡುವ ಕಾಗದ ಅದು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬಿಟ್ಟುಹೋಗಿರುವುದು ಅಪರೂಪವಲ್ಲ. ಮೂವರು ಗಂಡುಮಕ್ಕಳ ಹೆಸರು ಸಾಲಾಗಿದ್ದು ಒಬ್ಬ ಮಗಳೂ ಇಲ್ಲದಿದ್ದರೆ ಸಂಶಯ ಪಡುವುದು ತಪ್ಪಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ನೋಂದಾಯಿತ ವಿಭಾಗ ಅಥವಾ ಮಾರಾಟಕ್ಕೆ ಮಾತ್ರ ಧಕ್ಕೆ ಇಲ್ಲ. ಸ್ಥಳೀಯ ವಕೀಲರಾದರೆ ಊರಿಗೆ ಹೋಗಿ ಅಂಗಡಿ ಕಟ್ಟೆಯಲ್ಲಿ ‘ಈ ಮನೆಯ ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟಿದ್ದಾರೆ’ ಎಂದು ಕೇಳಿಯಾರು. ನಾಲ್ಕು ನಿಮಿಷದ ವಿಚಾರಣೆ ಅದು. ಸಿಕ್ಕ ಹೆಣ್ಣುಮಕ್ಕಳೆಲ್ಲ ಕ್ರಯಪತ್ರಕ್ಕೇ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಲಿ. ಛಾಪಾ ಕಾಗದದ ಮೇಲಿನ ‘ಒಪ್ಪಿಗೆ ಪತ್ರ’ ಉಪಯೋಗಕ್ಕೆ ಬಾರದು. ಅಪ್ರಾಪ್ತರ ಪ್ರತ್ಯೇಕ ಆಸ್ತಿಯಾದರೆ ನ್ಯಾಯಾಲಯದ ಅನುಮತಿ ಬೇಕು.

ಇಷ್ಟಕ್ಕೆಲ್ಲ ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟರೊಳಗೆ ‘ಇನ್ನೊಂದು ಪಾರ್ಟಿ ರೆಡಿ ಇದೆ’ ಎಂಬ ಒತ್ತಡ ಬಂದೇ ಬರುತ್ತದೆ. ಬಯಾನಾ (ಮುಂಗಡ) ಕೊಡಲೇಬೇಕಾದರೆ, ದಾಖಲೆ ಸರಿಯಿಲ್ಲವೆಂದು ಕಂಡುಬಂದರೆ ಇಂತಿಷ್ಟು ದಿನದೊಳಗೆ ಹಣ ವಾಪಸು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ‘ಕೊಂಡ’ವರಿಂದ ಕೊಳ್ಳಬೇಡಿ. ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲೇ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿಂದ ಕಳಿಸುವ ಅಧಿಕಾರಪತ್ರ ರಾಜ್ಯ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅಂಥವರಿಂದ ಕೊಳ್ಳುವಾಗ ತೆರಿಗೆ ಕಡಿತವೂ ಬೇರೆ. ₹50 ಲಕ್ಷ ಮತ್ತು ಮೇಲ್ಪಟ್ಟ ವ್ಯವಹಾರಕ್ಕೆ ನಾವೆಲ್ಲ ಕೇಳಿರುವ ಶೇ 1 ಟಿಡಿಎಸ್ ಇಲ್ಲೇ ವಾಸವಿರುವ ಮಾರಾಟಗಾರರಿಗೆ ಮಾತ್ರ.

ಕರಡು ಪತ್ರ ಕಾವೇರಿ 2.0ಗೆ ಏರುವ ಮುನ್ನ ಇ-ಖಾತೆಯ ಜೊತೆ ಅಕ್ಷರ ಅಕ್ಷರ ತಾಳೆ ನೋಡುವ ವಕೀಲರು ಸಿಕ್ಕರೆ ಅದು ಭಾಗ್ಯ. 30×40 ನಿವೇಶನ 40×30 ಎಂದು ತಿರುಗಿ ಕೂತರೆ, ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ಖಾತೆಯಲ್ಲೊಂದು ಇದ್ದರೆ, ನೋಂದಣಿಯಾದ ಮೇಲೆ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನೇ ಮತ್ತೆ ಕರೆತರಬೇಕು. ಹಣ ಪಡೆದವರು ಎರಡನೇ ಸಲ ಬರುವುದು ಕಷ್ಟ. ನಗರಗಳಲ್ಲಿ ಈಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಲ್ಲ ಸೇರಿ ಖರ್ಚು ಶೇ 7.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2 ಆದ್ದರಿಂದ ₹60 ಲಕ್ಷದ ಮನೆಗೆ ₹4.56 ಲಕ್ಷ. ಅದನ್ನು ಉಳಿಸಲು ಕಡಿಮೆ ಮೊತ್ತ ತೋರಿಸಿ ಎಂದು ಸಲಹೆ ಕೊಡುವ ವಕೀಲರಿಂದ ದೂರವಿರಿ. ಹಕ್ಕು ಕೈಕೊಟ್ಟ ದಿನ ನೀವು ವಾಪಸು ಕೇಳಬಹುದಾದದ್ದು ಪತ್ರದಲ್ಲಿ ಬರೆದಷ್ಟನ್ನೇ.

ಮಾರುವವರಿಗೂ ತಮ್ಮದೇ ವಕೀಲರಿರಬೇಕು. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪೂರ್ತಿ ಹಣ ಖಾತೆಗೆ ಬೀಳುವ ತನಕ ಮೂಲಪತ್ರ ಕೈಬಿಡಬಾರದು.

ಕೊನೆಗೊಂದು ಬೇಡಿಕೆ ಬ್ಯಾಂಕುಗಳಿಗೆ. ಪ್ಯಾನೆಲ್ ವಕೀಲರ ಶುಲ್ಕವನ್ನು ಸಾಮಾನ್ಯವಾಗಿ ಸಾಲಗಾರರಿಂದಲೇ ವಸೂಲು ಮಾಡುತ್ತೀರಿ, ಆದರೆ ವರದಿ ಕೇಳಿದರೆ ‘ಅದು ಆಂತರಿಕ’ ಎಂಬ ಉತ್ತರ ಬರುತ್ತದೆ. ಅದರ ಒಂದು ಪ್ರತಿಯನ್ನು ಸಾಲ ಮಂಜೂರಾತಿ ಪತ್ರದ ಜೊತೆಗೇ ಲಗತ್ತಿಸಿ ಕೊಡಿ. ಕೊಳ್ಳುವವರ ವಕೀಲರು ಅದನ್ನು ತಮ್ಮ ಅಭಿಪ್ರಾಯದ ಪಕ್ಕದಲ್ಲಿಟ್ಟು ನೋಡಲಿ.

– ನಿವೃತ್ತ ಉಪನೋಂದಣಾಧಿಕಾರಿ, ದಾವಣಗೆರೆ