ಕೌಬಾಯ್ ಕಥೆಗಳಲ್ಲಿ ಕಾಣದ ಕಸಾಯಿ ಅಂಗಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಪಶ್ಚಿಮ ಗಡಿನಾಡಿನ ಪ್ರಸ್ತಾಪ ನಮ್ಮಲ್ಲಿ ಬಂದಾಗಲೆಲ್ಲ ಕುದುರೆ, ಬಂದೂಕು, ಅಗಲ ಅಂಚಿನ ಟೋಪಿಗಳೇ ಮುಂದೆ ನಿಲ್ಲುತ್ತವೆ. ಅಲ್ಲಿನ ಊರುಗಳು ಯಾವ ವ್ಯಾಪಾರದಿಂದ ಬೆಳೆದವು, ಆ ವ್ಯಾಪಾರಕ್ಕೆ ನೆಲವನ್ನು ಯಾರು ಕಳೆದುಕೊಂಡರು ಎಂಬ ಲೆಕ್ಕ ಬದಿಗೆ ಸರಿಯುತ್ತದೆ. ಮೊಂಟಾನಾದ ಡೀರ್ ಲಾಡ್ಜ್ ಪಟ್ಟಣದ ಬೆಳವಣಿಗೆಯಲ್ಲಿ ದೊಡ್ಡ ಪಾಲು ಹೊಂದಿದ್ದ ಪಶುಪಾಲಕ ಕಾನ್ರಾಡ್ ಕೋರ್ಸ್ ಅವರ ಜೀವನವನ್ನು ನೋಡಿದರೆ ಈ ಎರಡೂ ವಿಷಯಗಳು ಸ್ಪಷ್ಟವಾಗುತ್ತವೆ.

1835ರಲ್ಲಿ ಈಗಿನ ಜರ್ಮನಿಯ ಹೋಲ್‌ಸ್ಟೈನ್ ಪ್ರಾಂತ್ಯದಲ್ಲಿ ಹುಟ್ಟಿದ ಕೋರ್ಸ್, 1862ರಲ್ಲಿ ಎಲ್ಲರಂತೆ ಚಿನ್ನದ ಆಸೆಯಿಂದಲೇ ಮೊಂಟಾನಾಕ್ಕೆ ಬಂದವರು. ಅವರ ಕೈ ಹಿಡಿದದ್ದು ಮಾತ್ರ ಚಿನ್ನವಲ್ಲ, ಮಾಂಸ. ಬ್ಯಾನಕ್ ಎಂಬ ಗಣಿ ಶಿಬಿರದ ಕಸಾಯಿ ಅಂಗಡಿಯೊಂದರಲ್ಲಿ ತಿಂಗಳಿಗೆ 25 ಡಾಲರ್ ಸಂಬಳಕ್ಕೆ ಸೇರಿಕೊಂಡ ಅವರು, ಮಾಲೀಕ ಊರು ಬಿಟ್ಟ ಬಳಿಕ ಆ ವ್ಯಾಪಾರವನ್ನು ತಾವೇ ನಡೆಸಿದರು. ಮಣ್ಣು ಜಾಲಿಸುವವನಿಗೆ ಚಿನ್ನ ಸಿಗಲಿ, ಸಿಗದಿರಲಿ, ಹಸಿವಂತೂ ಆಗುತ್ತದೆ. ಇಷ್ಟು ಸರಳವಾದ ಸಂಗತಿಯ ಮೇಲೆ ಅವರ ಸಂಪತ್ತು ನಿಂತಿತ್ತು. ಶಿಬಿರಗಳಿಗೆ ದನಗಳನ್ನು ಸತತವಾಗಿ ಒದಗಿಸಲು ಸ್ವಂತ ಹಿಂಡು ಬೇಕಾದಾಗ, 1866ರಲ್ಲಿ ಜಾನಿ ಗ್ರಾಂಟ್ ಎಂಬ ಕೆನಡಾ ಮೂಲದ ಪಶುಪಾಲಕನಿಂದ ಡೀರ್ ಲಾಡ್ಜ್ ಬಳಿಯ ದನ ಸಾಕುವ ವಿಶಾಲ ಜಮೀನನ್ನು, ಅಂದರೆ ರ‍್ಯಾಂಚನ್ನು 19,200 ಡಾಲರ್‌ಗೆ ಕೊಂಡರು. ಓರೆಗಾನ್ ದಾರಿಯಲ್ಲಿ ವಲಸೆ ಹೋಗುತ್ತಿದ್ದವರಿಂದ ನಡೆದು ಬಸವಳಿದ ಎರಡು ದನ ಪಡೆದು ಮೈತುಂಬಿದ ಒಂದನ್ನು ಕೊಡುತ್ತಿದ್ದ ಗ್ರಾಂಟ್ ಕೂಡ ಕಡಿಮೆ ಚತುರನೇನಲ್ಲ. ಕೋರ್ಸ್ ಹೆಸರಿನ ಮುಂದೆ ಅವನ ಹೆಸರು ಮಸುಕಾಗಿರುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ದನಗಳಿಂದ ಬಂದ ಲಾಭವನ್ನು ಕೋರ್ಸ್ ಗಣಿಗಳಿಗೂ, ಗಣಿಗಳಿಗೆ ನೀರು ಹರಿಸುವ ಕಾಲುವೆಗಳಿಗೂ ತೊಡಗಿಸಿದರು. ಮಲಸಹೋದರ ಜಾನ್ ಬೀಲೆನ್‌ಬರ್ಗ್ ಅವರೊಂದಿಗೆ ಸೇರಿ ಹಿಂಡನ್ನು ಹಲವು ರಾಜ್ಯಗಳಿಗೆ ಹರಡಿದರು, ರೈಲು ಬಂದ ಮೇಲೆ ವರ್ಷವರ್ಷವೂ ಸಾವಿರಾರು ದನಗಳನ್ನು ಶಿಕಾಗೋ ಮಾರುಕಟ್ಟೆಗೆ ಕಳುಹಿಸಿದರು. ಆದರೆ ಅವರ ನಿಜವಾದ ಬಂಡವಾಳ ಯಾವುದೆಂದು ತೋರಿಸಿದ್ದು 1886-87ರ ಭೀಕರ ಚಳಿಗಾಲ. ಬೇಸಿಗೆಯಲ್ಲಿ ಒಣಗಿದ್ದ ಹುಲ್ಲು ಹಿಮದಡಿ ಹೂತುಹೋಗಿ ಮೊಂಟಾನಾದ ಬಯಲುಗಳಲ್ಲಿ ಲೆಕ್ಕವಿಲ್ಲದಷ್ಟು ದನಗಳು ಸತ್ತವು. ಅನೇಕ ಪಶುಪಾಲಕರು ಮತ್ತೆ ಮೇಲೇಳಲೇ ಇಲ್ಲ. ಕೋರ್ಸ್ ಅವರಿಗೆ ಬ್ಯೂಟ್ ನಗರದ ಬ್ಯಾಂಕರ್ ಎ. ಜೆ. ಡೇವಿಸ್ ಯಾವ ಅಡಮಾನವನ್ನೂ ಕೇಳದೆ 1,00,000 ಡಾಲರ್ ಸಾಲ ಕೊಟ್ಟರು, ಅದನ್ನು ಅವರು ನಾಲ್ಕೇ ವರ್ಷಗಳಲ್ಲಿ ತೀರಿಸಿದರು. ಗಡಿನಾಡಿನ ಊರೊಂದು ಉಳಿದು ಬೆಳೆಯಲು ಬಂದೂಕಿಗಿಂತ ಇಂಥ ಪರಸ್ಪರ ನಂಬಿಕೆ ಹೆಚ್ಚು ಕೆಲಸಕ್ಕೆ ಬಂದಿತೆಂದು ನಾನು ನಂಬುತ್ತೇನೆ. ಆ ಬಳಿಕ ಬಯಲು ಹುಲ್ಲನ್ನಷ್ಟೇ ನೆಚ್ಚದೆ, ಬೇಲಿ ಹಾಕಿ, ಹುಲ್ಲು ಬೆಳೆದು ಬಣವೆ ಒಟ್ಟಿ ದನ ಸಾಕುವ ರೀತಿ ಆ ಭಾಗದಲ್ಲಿ ಬಲವಾಯಿತು. ಯೌವನದಲ್ಲೇ ತೀರಿಕೊಂಡ ಮಗ ವಿಲಿಯಂನ ನೆನಪಿಗೆ ಕೋರ್ಸ್ ದಂಪತಿ ಪಟ್ಟಣದಲ್ಲಿ ಕಟ್ಟಿಸಿದ ಗ್ರಂಥಾಲಯವೂ ಅದೇ ದುಡ್ಡಿನದು.

ಇಷ್ಟೆಲ್ಲ ಹೇಳಿ ನಿಲ್ಲಿಸಿದರೆ ಲೆಕ್ಕದ ಅರ್ಧ ಪುಟವನ್ನಷ್ಟೇ ತೋರಿಸಿದಂತಾಗುತ್ತದೆ. ಕೋರ್ಸ್ ಅವರ ದನಗಳು ಮೇಯುತ್ತಿದ್ದ ನೆಲದ ಬಹುಭಾಗಕ್ಕೆ ಅವರು ಬಿಡಿಗಾಸನ್ನೂ ಕೊಟ್ಟಿರಲಿಲ್ಲ. ಅವರ ಹಿಂಡುಗಳಿದ್ದ ಸನ್ ನದಿಯ ಕಡೆಯನ್ನೇ ನೋಡಿ: 1873-74ರಲ್ಲಿ ಅಮೆರಿಕ ಸರ್ಕಾರವು ಬ್ಲ್ಯಾಕ್‌ಫೀಟ್ ಮುಂತಾದ ಮೂಲನಿವಾಸಿಗಳ ಮೀಸಲು ಪ್ರದೇಶದ ದಕ್ಷಿಣದ ಎಲ್ಲೆಯನ್ನು ಆ ನದಿಯಿಂದ ಉತ್ತರಕ್ಕೆ ಸರಿಸಿತು, ಬಿಟ್ಟುಹೋದ ನೆಲಕ್ಕೆ ಆಗ ಪರಿಹಾರವನ್ನೂ ಕೊಡಲಿಲ್ಲ. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಕಾಡೆಮ್ಮೆಗಳ ಹಿಂಡುಗಳೂ ನಿರ್ನಾಮವಾದವು. ಹಾಗೆ ತೆರವಾದ ಹುಲ್ಲುಗಾವಲನ್ನು ಪುಕ್ಕಟೆ ಎನ್ನುವುದು ಬೆಲೆ ತೆತ್ತವರನ್ನು ಮರೆತ ಮಾತು. ಇದನ್ನು ಹೇಳಿದರೆ ಕೋರ್ಸ್ ಅವರ ದುಡಿಮೆಗೆ ಅಗೌರವವಾಗುತ್ತದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಎಲ್ಲೆಯನ್ನು ಸರಿಸಿದ್ದು ಸರ್ಕಾರ, ಅದರ ಫಲವುಂಡವರಲ್ಲಿ ಅವರೂ ಒಬ್ಬರು. ಅಷ್ಟನ್ನು ದಾಖಲಿಸಿದರೆ ಸಾಕು.

1972ರಿಂದ ಆ ರ‍್ಯಾಂಚು ಗ್ರಾಂಟ್-ಕೋರ್ಸ್ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ರಕ್ಷಿತವಾಗಿದೆ, ಇಬ್ಬರ ಹೆಸರನ್ನೂ ಉಳಿಸಿಕೊಂಡಿದೆ. ಇಂಥವರ ವ್ಯಕ್ತಿಚಿತ್ರಗಳನ್ನು ತಾವು ಪ್ರಕಟಿಸುವಾಗ ಅಂಗಡಿ ಮತ್ತು ಸಾಲದ ಕಥೆಯ ಜೊತೆಗೆ ನೆಲದ ಕಥೆಗೂ ಒಂದೆರಡು ಪ್ಯಾರಾ ಮೀಸಲಿಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ