ಪಾರ್ಸ್ಲಿ: ಎಲೆಯ ಆಕಾರಕ್ಕಿಂತ ಬಳಸುವ ಬಗೆ ಮುಖ್ಯ

ಮಾನ್ಯರೇ,

ಕೊತ್ತಂಬರಿಯನ್ನು ಹೋಲುವ ಪಾರ್ಸ್ಲಿ ಸೊಪ್ಪು ನಗರಗಳ ತರಕಾರಿ ಅಂಗಡಿಗಳಲ್ಲಿ ಈಗ ಸಲೀಸಾಗಿ ಸಿಗುತ್ತದೆ. ‘ಚಪ್ಪಟೆ ಎಲೆಯದು ಆರೋಗ್ಯಕ್ಕೆ, ಗುಂಗುರು ಎಲೆಯದು ಬರೀ ಅಲಂಕಾರಕ್ಕೆ’ ಎಂಬ ಮಾತೂ, ‘ದಿನಾ ಇದರ ಕಷಾಯ ಕುಡಿದರೆ ಮೂತ್ರಪಿಂಡ ಶುದ್ಧಿಯಾಗುತ್ತದೆ’ ಎಂಬ ಸಲಹೆಯೂ ಅದರ ಜೊತೆಗೇ ಹರಡಿವೆ. ಮೊದಲನೆಯದು ತಪ್ಪು ತಿಳಿವಳಿಕೆ, ಎರಡನೆಯದು ಕೆಲವರಿಗೆ ಅಪಾಯ.

ಪಾರ್ಸ್ಲಿಯ ಮುಖ್ಯ ಫ್ಲೇವೊನಾಯ್ಡ್ (ಸಸ್ಯಗಳಲ್ಲಿರುವ ಒಂದು ಬಗೆಯ ಸಂಯುಕ್ತ) ಎಪಿಜೆನಿನ್. ಎಲೆಯಲ್ಲಿ ಅದು ಸಕ್ಕರೆಗಳೊಂದಿಗೆ ಕೂಡಿಕೊಂಡು ಎಪಿಯಿನ್ ರೂಪದಲ್ಲಿರುತ್ತದೆ. ಗುಂಗುರು, ಚಪ್ಪಟೆ ಎರಡರಲ್ಲೂ ಇದು ಧಾರಾಳ. ಪ್ರಮಾಣ ಏರಿಳಿಯುವುದು ಬೀಜದ ತಳಿ, ಬಿದ್ದ ಬಿಸಿಲು ಮತ್ತು ಕೊಯ್ಲಿನ ಹಂತದಿಂದ. ಆಕಾರ ನೋಡಿ ಅಳೆಯಲಾಗದು. ದಂಟಿಗಿಂತ ಎಲೆಯಲ್ಲೇ ಹೆಚ್ಚು. ಗೆಡ್ಡೆಗಾಗಿ ಬೆಳೆಯುವ ಹ್ಯಾಂಬರ್ಗ್ ಪಾರ್ಸ್ಲಿಯ ಬೇರು ಸೂಪಿಗೆ ರುಚಿ, ಎಲೆಯ ಪೋಷಕಾಂಶಗಳನ್ನು ಅದರಿಂದ ನಿರೀಕ್ಷಿಸಬಾರದು.

ನೂರು ಗ್ರಾಂ ಹಸಿ ಎಲೆಯಲ್ಲಿ ಸುಮಾರು 130 ಮಿಲಿಗ್ರಾಂ ಸಿ ಜೀವಸತ್ವ, 1,600 ಮೈಕ್ರೋಗ್ರಾಂಗೂ ಮಿಕ್ಕಿ ಕೆ ಜೀವಸತ್ವ ಇರುತ್ತವೆ. ಸಿ ಉಳಿಯಬೇಕಾದರೆ ಎಲೆಯನ್ನು ತೊಳೆದು, ನೀರು ಒರೆಸಿ, ಬಡಿಸುವ ಹೊತ್ತಿಗೆ ಹೆಚ್ಚಿ, ಒಲೆ ಆರಿಸಿದ ಮೇಲೆ ಹಾಕಬೇಕು. ಒಣಗಿಸಿದರೆ ಎಪಿಯಿನ್ ಬಹುಪಾಲು ಉಳಿಯುತ್ತದೆ, ಸಿ ಜೀವಸತ್ವವೂ ಪರಿಮಳವೂ ಹೋಗುತ್ತವೆ. ಅದರ ತಾಜಾ ಘಮಕ್ಕೆ ಕಾರಣವಾದ ಮೆಂಥಾಟ್ರೈಯೀನ್ ಬಲು ಬೇಗ ಕೆಡುವ ತೈಲಾಂಶ.

ಎರಡು ದೊಡ್ಡ ಚಮಚ ಹೆಚ್ಚಿದ ಎಲೆ, ಅಂದರೆ 8 ಗ್ರಾಂನಷ್ಟು, ವಯಸ್ಕರ ಒಂದು ದಿನದ ಕೆ ಜೀವಸತ್ವಕ್ಕೆ ಸಾಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುವವರಿಗೆ ಇದೇ ತೊಡಕು: ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ನೆರವಾಗುವುದರಿಂದ, ಒಂದು ದಿನ ಕಟ್ಟುಗಟ್ಟಲೆ ತಿಂದು ಮರುದಿನ ಬಿಟ್ಟರೆ ಔಷಧದ ಲೆಕ್ಕ ಏರುಪೇರಾಗುತ್ತದೆ. ವೈದ್ಯರಿಗೆ ತಿಳಿಸಿ, ದಿನವೂ ಒಂದೇ ಅಳತೆಯಲ್ಲಿ ತಿನ್ನಬೇಕು. ಕಷಾಯದ ಕಥೆಯೂ ಹಾಗೆಯೇ. ಪಾರ್ಸ್ಲಿಯಲ್ಲಿ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಲವಣಾಂಶ ಹೆಚ್ಚು, ಕುದಿಸಿದಾಗ ಅದರಲ್ಲೊಂದು ಪಾಲು ನೀರಿಗಿಳಿಯುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದವರು ಲೋಟಗಟ್ಟಲೆ ಕುಡಿಯುವುದು ರೋಗಕ್ಕೆ ಕೈಯಾರೆ ಉಣಿಸಿದಂತೆ.

ಎಲ್ಲಕ್ಕಿಂತ ಆತಂಕದ್ದು ಬೀಜದ ತೈಲ. ಅದರಲ್ಲಿರುವ ಎಪಿಯೋಲ್ ಅನ್ನು ಹಿಂದೆ ಯುರೋಪ್, ಅಮೆರಿಕಗಳಲ್ಲಿ ಗರ್ಭಪಾತಕ್ಕೆ ಬಳಸಿ, ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾಗಿ ಮಹಿಳೆಯರು ಸತ್ತಿದ್ದಾರೆ. ಗರ್ಭಿಣಿಯರು ಊಟದಲ್ಲಿ ಚಿಟಿಕೆ ಎಲೆಗೆ ಹೆದರಬೇಕಿಲ್ಲ. ಬೀಜ, ತೈಲ, ಗಟ್ಟಿ ಕಷಾಯ ಬೇಡ.

ಮನೆಮದ್ದಿನ ಅಂಕಣಗಳಲ್ಲಿ ಸೊಪ್ಪಿನ ಹೆಸರಿನ ಜೊತೆ ಗ್ರಾಂ ಲೆಕ್ಕವನ್ನೂ ಯಾರು ಬಳಸಬಾರದೆಂಬುದನ್ನೂ ತಪ್ಪದೆ ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ಆಹಾರ ವಿಜ್ಞಾನ ಅಧ್ಯಾಪಕಿ, ಮೈಸೂರು