ಎಂಜಿ ಟಿಡಿ ಕಾರಿನ ಸ್ಟೀರಿಂಗ್ ವೀಲ್ ಬಿರುಕಿಗೆ ಲಪ್ಪ (ಪುಟ್ಟಿ) ಹಚ್ಚಿ ಕೊಟ್ಟಿರುವ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಫೋನಿನಲ್ಲಿ ಮರ್ಯಾದೆಯಿಂದ ಕೇಳುವುದೆಲ್ಲ ಮುಗಿಯಿತು. "ಸಾರ್ ಹೊರಗಿದ್ದಾರೆ, ಬಂದಮೇಲೆ ಮಾಡಿಸ್ತೀವಿ" ಅನ್ನುವ ಉತ್ತರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಅದಕ್ಕೇ ಈ ಪತ್ರ. ಇದರ ಪ್ರತಿ ಸ್ಪೀಡ್ ಪೋಸ್ಟ್‌ನಲ್ಲೂ ಬರುತ್ತದೆ, ಸಹಿ ಹಾಕಿ ತಗೊಳ್ಳಿ.

ಬಿರುಕು ರಿಪೇರಿಗೆ ಅಂತ ನಾನು ನಿಮಗೆ ಕೊಟ್ಟಿದ್ದು 1952ರ ಎಂಜಿ ಟಿಡಿಯ ಒರಿಜಿನಲ್ ಸ್ಟೀರಿಂಗ್ ವೀಲ್. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1949ರ ಕೊನೆಯಿಂದ 1953ರವರೆಗೆ ಮಾತ್ರ ತಯಾರಾದ ಗಾಡಿ ಅದು. ಅಪ್ಪ ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರಿಂದ ಕೊಂಡಿದ್ದರು. ಹೊಸ ವೀಲ್ ಹೊರದೇಶದಿಂದ ತರಿಸಬಹುದು ಅಂತ ನನಗೂ ಗೊತ್ತು. ನನಗೆ ಬೇಕಿದ್ದದ್ದು ಅಪ್ಪ ಹಿಡಿದು ಓಡಿಸಿದ ವೀಲ್. ಮಾಡಬೇಕಾದ ಕೆಲಸ ಬರೆದುಕೊಳ್ಳುವ ನಿಮ್ಮ ಜಾಬ್ ಕಾರ್ಡ್ ಬರೆಯುವಾಗಲೇ ಇದನ್ನು ಹೇಳಿದ್ದೆ.

ಇಂಥ ವೀಲಿನ ರಿಮ್ಮಿನ, ಅಂದರೆ ಕೈ ಹಿಡಿಯುವ ಸುತ್ತಿನ, ಒಳಗೆ ಉಕ್ಕಿನ ಬಳೆ ಇರುತ್ತದೆ, ಸುತ್ತ ಗಟ್ಟಿ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲು ತಿಂದು ಪ್ಲಾಸ್ಟಿಕ್ ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ. ಹಾಗಾಗಿ ಸ್ಪೋಕ್ ಸೇರುವ ಕಡೆಯೇ ಸೀಳುತ್ತದೆ. ಆ ಸೀಳಿಗೆ ಬೆವರು, ತೇವ ಇಳಿದರೆ ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬುತ್ತದೆ, ಬಿರುಕು ಇನ್ನೂ ಅಗಲವಾಗುತ್ತದೆ. ಮೇಲೆ ಮುಚ್ಚಿದರೆ ಸಾಲದು. ಉಕ್ಕು ಕಾಣುವವರೆಗೆ ವಿ ಆಕಾರದಲ್ಲಿ ಕೊರೆದು, ತುಕ್ಕು ಕೆರೆದು, ಜಿಡ್ಡು ತೆಗೆದು ಇಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆ ಎಮರಿ ಪೇಪರ್, ಪ್ರೈಮರ್, ಪೇಂಟ್. ನಿಮ್ಮ ಎಸ್ಟಿಮೇಟ್‌ನಲ್ಲಿ ಬರೆದಿರುವುದೂ ಇದನ್ನೇ. ದುಡ್ಡು ತಗೊಂಡಿದ್ದೂ ಇದಕ್ಕೇ.

ಟಿಡಿಗೆ ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲೇ ತಿರುಗಿಸಬೇಕಾದರೆ ರಿಮ್ಮನ್ನು ಬಲವಾಗಿ ಎಳೆಯಲೇಬೇಕು. ನೀವು ರಿಪೇರಿ ಮಾಡಿ ಕೊಟ್ಟ ವೀಲ್ ಹಾಕಿ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವಾಗಲೇ ಟಪ್ ಅಂತು. ಹಳೆ ಬಿರುಕು ಹಳೆ ಜಾಗದಲ್ಲೇ ಬಾಯಿಬಿಟ್ಟು, ಒಂದು ಚೂರು ಕಿತ್ತು ಕೈಗೆ ಬಂತು. ಒಳಗೆ ಇಪಾಕ್ಸಿ ಇರಲಿಲ್ಲ. ಡೋರಿನ ಡೊಂಕು ಮುಚ್ಚಲು ಹಚ್ಚುವ ಲಪ್ಪ ಇತ್ತು. ಕೊರೆದ ಗುರುತಿಲ್ಲ, ತುಕ್ಕು ಹಾಗೇ ಇದೆ. ರಿಮ್ಮಿನ ಹಿಂದೆ ಬೆರಳು ಕೂರಲು ಇರುವ ತಗ್ಗುಗಳಿಗೂ ಲಪ್ಪ ತುಂಬಿ ಸಪಾಟು ಮಾಡಿದ್ದೀರಿ. ಇದೇ ಘಾಟಿ ಇಳಿಯುವಾಗ ಆಗಿದ್ದರೆ?

ವೀಲನ್ನು ಟವೆಲ್‌ನಲ್ಲಿ ಸುತ್ತಿಕೊಂಡು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿದ್ದವರು ಮೊಬೈಲ್‌ನಿಂದ ತಲೆ ಎತ್ತಲಿಲ್ಲ. "ಕೂತ್ಕೊಳ್ಳಿ ಮೇಡಂ" ಅಂದರು. ನೀರಿನ ಕ್ಯಾನ್ ಪಕ್ಕದ ಬೆಂಚಿನಲ್ಲಿ ಕೂತೆ. ನನ್ನ ನಂತರ ಬಂದ ಇಬ್ಬರು ಗಂಡಸರಿಗೆ ಕಾಫಿ ಬಂತು, ಅವರ ಕೆಲಸವೂ ಆಯಿತು. ಕೊನೆಗೆ ನೀವೇ ಬಂದಿರಿ. ಟವೆಲ್ ಬಿಚ್ಚಿ ಬಿರುಕು ತೋರಿಸಿದೆ. ನೀವು ಬಿರುಕು ನೋಡಲಿಲ್ಲ. "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ ಮೇಡಂ, ಅವರಿಗೆ ಹೇಳ್ತೀನಿ" ಅಂದಿರಿ. ಗಾಡಿ ನನ್ನ ಹೆಸರಲ್ಲಿದೆ, ನನಗೇ ಹೇಳಿ ಅಂದೆ. "ಎಪ್ಪತ್ತು ವರ್ಷದ ಗಾಡಿ ಅಲ್ವಾ, ಇಷ್ಟೆಲ್ಲ ಯಾಕೆ? ಜೆ.ಸಿ. ರೋಡ್‌ನಲ್ಲಿ ಒಂದು ರೆಕ್ಸಿನ್ ಕವರ್ ಹಾಕಿಸ್ಕೊಳ್ಳಿ, ಬಿರುಕು ಕಾಣಲ್ಲ" ಅಂದಿರಿ. ಒಳಗೆ ಯಾವ ಮೆಟೀರಿಯಲ್ ಹಾಕಿದ್ದೀರಿ ಅಂತ ಕೇಳಿದೆ. "ಅದೆಲ್ಲ ಟೆಕ್ನಿಕಲ್ ಮೇಡಂ" ಅಂದಿರಿ. ಕಾಫಿ ಕುಡಿಯುತ್ತಿದ್ದವರು ನಕ್ಕರು. ಅವರ ಜೊತೆ ನೀವೂ ನಕ್ಕಿರಿ.

ಕಾಣದ ಹಾಗೆ ಮುಚ್ಚುವುದೇ ನಿಮ್ಮ ಕೆಲಸವಾದರೆ ಬೋರ್ಡಿನ ಮೇಲೆ "ರೆಸ್ಟೋರೇಶನ್" ಅಂತ ಯಾಕೆ ಬರೆಸಿದ್ದೀರಿ? ಅದನ್ನು ಇಳಿಸಿ ಕವರ್ ಮಾರಿ.

ಜಾಬ್ ಕಾರ್ಡ್ ಹಿಂದೆ ಅಚ್ಚಾಗಿರುವ ನಿಯಮಗಳು ನಿಮ್ಮವೇ, ನಾನು ಓದಿ ಹೇಳುವ ಅಗತ್ಯವಿಲ್ಲ. ಅವುಗಳ ಪ್ರಕಾರ ಪೇಂಟಿಗೆ ಮುಂಚೆ ಕಳಿಸಬೇಕಿದ್ದ ಫೋಟೋ ಎಲ್ಲಿ? ನನ್ನನ್ನು ಕೇಳದೆ ಮೆಟೀರಿಯಲ್ ಬದಲಿಸಲು ಒಪ್ಪಿಗೆ ಕೊಟ್ಟವರು ಯಾರು?

ಮತ್ತೆ ಮಾಡಿಕೊಡುತ್ತೇವೆ ಅಂತ ಮಾತ್ರ ಬರೆಯಬೇಡಿ. ಆ ವೀಲನ್ನು ನಿಮ್ಮ ಕೈಗೆ ಇನ್ನು ಕೊಡುವುದಿಲ್ಲ. ಬಿಲ್ಲಿನ ಪೂರ್ತಿ ಹಣ ಮತ್ತು ನಿಮ್ಮ ಲಪ್ಪ ಕೆರೆಸಿ ತೆಗೆಸುವ ಖರ್ಚು 15 ದಿನದೊಳಗೆ ನನ್ನ ಖಾತೆಗೆ ಬರಬೇಕು. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ನಾನೇ ನಿಂತು ವಾದಿಸುತ್ತೇನೆ. ಕಿತ್ತು ಬಂದ ಚೂರನ್ನು ಕವರಿನಲ್ಲಿ ಹಾಕಿ ತಾರೀಖು ಬರೆದು ಇಟ್ಟಿದ್ದೇನೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಹಳೆ ಕಾರು ಇಟ್ಟುಕೊಂಡವರು ಬಹುತೇಕ ಒಬ್ಬರಿಗೊಬ್ಬರು ಪರಿಚಯ. ಮುಂದಿನ ಪ್ರದರ್ಶನಕ್ಕೆ ಟಿಡಿಯನ್ನು ಟ್ರಕ್ ಮೇಲೆ ಹಾಕಿಸಿಕೊಂಡಾದರೂ ಬರುತ್ತೇನೆ. ಬಾನೆಟ್ ಮೇಲೆ ಈ ವೀಲ್ ಇರುತ್ತದೆ, ಪಕ್ಕದಲ್ಲಿ ನಿಮ್ಮ ಬಿಲ್ಲು. ಕೇಳಿದವರಿಗೆಲ್ಲ ಒಳಗೆ ಏನು ತುಂಬಿದ್ದೀರಿ ಅಂತ ನಾನೇ ಬಿಡಿಸಿ ಹೇಳುತ್ತೇನೆ.

ಇಂತಿ,
ಜಾಬ್ ಕಾರ್ಡ್‌ನಲ್ಲಿ ಹೆಸರಿರುವ, ಗಾಡಿಯ ಒಡತಿ